ತಾರೀಖು ಕೇಳುತ್ತಿದ್ದ ಕಂಪ್ಯೂಟರ್

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಕಂಡೆ, ಭೂತ ಕಂಡೆ ಅನ್ನುವವರ ಮಾತು ಕೇಳಿದರೆ ನನಗೆ ಚಿಕ್ಕಂದಿನಿಂದಲೂ ನಗು. ನಮ್ಮದು ಗೋಡೆಯ ಮೇಲೆ ಬುದ್ಧನ ಒಂದು ಪಟ ಬಿಟ್ಟರೆ ಬೇರೇನೂ ಇಲ್ಲದ ಮನೆ. ಅಪ್ಪ ಚಿಂತಾಕಿಯಲ್ಲಿ ಅಂಚೆ ಹಂಚುತ್ತಿದ್ದರು. ಹೊತ್ತು ಮುಳುಗಿದ ಮೇಲೂ ಸೈಕಲ್ ಮೇಲೆ ಹಳ್ಳಿಯಿಂದ ಹಳ್ಳಿಗೆ ತಿರುಗಿದ ಮನುಷ್ಯ. “ಇಷ್ಟು ವರ್ಷದಾಗ ಹುಣಸಿ ಗಿಡದ ಬುಡಕ ನನಗ ಒಂದೂ ದೆವ್ವ ಭೆಟ್ಟಿ ಆಗಿಲ್ಲ. ಆಗಿದ್ರ ಅದಕ್ಕೂ ಒಂದು ಕಾರ್ಡ್ ಕೊಟ್ಟು ಬರ್ತಿದ್ದೆ” ಅನ್ನುತ್ತಿದ್ದರು. ನಾನು ಅಂಥವರ ಮಗಳು.

ಹಾಗಾಗಿ ನಾನು ಈಗ ಹೇಳುವುದರಲ್ಲಿ ಬಿಳಿ ಸೀರೆ ಇಲ್ಲ, ನಡುರಾತ್ರಿಯೂ ಇಲ್ಲ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು, ಭಾಲ್ಕಿ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಟೈಪಿಂಗ್ ಅಂಗಡಿ, ಅದರಲ್ಲೊಂದು ಮುದಿ ಕಂಪ್ಯೂಟರ್. ಅಷ್ಟೇ. ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನೂ ನಕ್ಕವಳೇ.

ಅಂಗಡಿ ಶರಣಪ್ಪನವರದು. ಅವರು ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಅಡತಿ ಅಂಗಡಿಯವರ ಪತ್ರಗಳನ್ನು ಟೈಪ್ ಮಾಡಿಕೊಂಡಿದ್ದವರು. ಆಮೇಲೆ ಭಾಲ್ಕಿಗೆ ಬಂದು ಸ್ವಂತ ಅಂಗಡಿ ಹಾಕಿದರು. ಹತ್ತನೇ ತರಗತಿ ಮುಗಿಸಿ ಟೈಪಿಂಗ್ ಕಲಿಯಲು ಹೋದ ನಾನು ಅಲ್ಲೇ ಕೆಲಸಕ್ಕೆ ನಿಂತೆ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಹಸಿಯಿರುವಾಗಲೇ ಅವರು ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ಮಾತು ಕಡಿಮೆ. ತಪ್ಪು ಟೈಪ್ ಮಾಡಿದರೆ ಬೈಯುತ್ತಿರಲಿಲ್ಲ, ಆ ಕಾಗದವನ್ನು ನನ್ನ ಮುಂದಿಟ್ಟು ಸುಮ್ಮನೆ ಕೂಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಕಂಪ್ಯೂಟರನ್ನು ಅವರು ಹೈದರಾಬಾದಿನಲ್ಲಿ ಯಾರೋ ಮಾರಿದ್ದನ್ನು ಕೊಂಡಿದ್ದರು. ಗಂಜಿನ ತೊಗರಿ ಚೀಲ ಇಳಿಸಿ ಮರಳುತ್ತಿದ್ದ ಖಾಲಿ ಲಾರಿಯಲ್ಲಿ ಅದು ಬಂತು. ಊರಿನ ಉಳಿದ ಅಂಗಡಿಗಳಲ್ಲಿ ಆಗಲೇ ಬಣ್ಣದ ಪರದೆ, ಮೌಸ್ ಬಂದಿದ್ದವು. ನಮ್ಮದು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಹೊಡೆದ ಕಾಗದಗಳನ್ನು ಉಳಿಸಿಡುವ, ಅಂಗೈಗಿಂತ ದೊಡ್ಡದಾದ ತೆಳ್ಳನೆಯ ಫ್ಲಾಪಿಯೊಂದನ್ನು ಬಾಯಿಗಿಟ್ಟು ಚಿಲಕ ತಿರುಗಿಸಿದರೆ ಅದು ಗೊರ್ ಗೊರ್ ಎಂದು ಜಗಿಯುತ್ತಿತ್ತು. ಪ್ರಿಂಟರ್ ಹೊಡೆಯಲು ಶುರುಮಾಡಿತೆಂದರೆ ಪಕ್ಕದ ಚಹಾದಂಗಡಿಯವರು, “ಅಕ್ಕಾ, ನಿಮ್ಮ ಮಷೀನಿಗಿ ಹೊಟ್ಟಿ ನೋವು ಅದಾ?” ಎಂದು ಕೂಗಿ ಕೇಳುತ್ತಿದ್ದರು.

ಈ ಯಂತ್ರದ ಒಂದು ಸ್ವಭಾವವನ್ನು ಇಲ್ಲಿ ಹೇಳಲೇಬೇಕು. ಅದರೊಳಗೆ ಗಡಿಯಾರ ಇರಲಿಲ್ಲ. ಕೆಟ್ಟಿತ್ತು ಅಂತಲ್ಲ, ತಯಾರಿಸಿದವರೇ ಇಟ್ಟಿರಲಿಲ್ಲ. ಆರಿಸಿದ ಕೂಡಲೇ ದಿನ ಮರೆಯುತ್ತಿತ್ತು. ಮತ್ತೆ ಚಾಲೂ ಮಾಡಿದಾಗಲೆಲ್ಲ, ಇವತ್ತು ಮಂಗಳವಾರ, ಸಾವಿರದ ಒಂಬೈನೂರ ಎಂಬತ್ತನೇ ಇಸವಿಯ ಜನವರಿ ಒಂದು ಎಂದು ತೋರಿಸಿ, ಅದರ ಕೆಳಗೆ ಹೊಸ ತಾರೀಖು ಹೇಳಿ ಎಂದು ಕೇಳಿ, ಕಣ್ಣು ಮಿಟುಕಿಸುತ್ತ ಕಾಯುತ್ತಿತ್ತು. ನಾವು ತಾರೀಖು ಹೊಡೆದರೆ ಅದನ್ನು ನಂಬುತ್ತಿತ್ತು. ಏನೂ ಹೊಡೆಯದೆ ಎಂಟರ್ ಒತ್ತಿದರೆ ಇಡೀ ದಿನ ಎಂಬತ್ತನೇ ಇಸವಿಯಲ್ಲೇ ಇರುತ್ತಿತ್ತು, ಮತ್ತು ಪ್ರತಿ ಪತ್ರದ ತಲೆಯ ಮೇಲೆ ತಾನೇ ಆ ತಾರೀಖನ್ನು ಹಾಕುತ್ತಿತ್ತು.

ತಾರೀಖು ಹೇಳುವ ಕೆಲಸವನ್ನು ಶರಣಪ್ಪನವರು ಯಾರಿಗೂ ಬಿಡುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಗೋಡೆಯ ಕ್ಯಾಲೆಂಡರ್ ನೋಡಿ, ವಾರ, ತಿಂಗಳು, ತಾರೀಖು ಗಟ್ಟಿಯಾಗಿ ಓದಿ, ಒಂದೇ ಬೆರಳಿನಿಂದ ಹೊಡೆಯುತ್ತಿದ್ದರು. ನಿಮಿಷಕ್ಕೆ ಮುನ್ನೂರು ಅಕ್ಷರ ಹೊಡೆಯುತ್ತಿದ್ದ ಮನುಷ್ಯ, ಇದೊಂದಕ್ಕೆ ಮಾತ್ರ ಒಂದು ಬೆರಳು.

“ಮಷೀನಿಗಿ ಪಂಚಾಂಗ ಓದ್ಲತ್ತೀರೇನ್ರಿ?” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

“ಅದು ಕೇಳ್ಲತ್ತದ, ನಾ ಹೇಳ್ಲತ್ತೀನಿ” ಅನ್ನುತ್ತಿದ್ದರು. “ಕೇಳಿದವರಿಗಿ ಹೇಳಬೇಕವಾ. ಸುಳ್ಳು ದಿನದಾಗ ಖರೇ ಕಾಗದ ಹುಟ್ಟಬಾರದು.”

ಆಗ ಮೂರು ವರ್ಷ ಸಾಲುಸಾಲು ಬರ. ಔರಾದ ಕಡೆಯ ಹಳ್ಳಿಗಳಿಂದ ಮಂದಿ ಮನೆಗೆ ಬೀಗ ಹಾಕಿ ಹೈದರಾಬಾದಿಗೆ ಗುಳೆ ಹೊರಟರು. ಶಾಲೆ ನಡುವೆ ಬಿಟ್ಟುಹೋಗುವ ಮಕ್ಕಳಿಗೆ ಒಂದು ಚೀಟಿ ಕೊಟ್ಟು ಕಳಿಸುವ ರೂಢಿಯನ್ನು ಅಲ್ಲಿಯ ಎಕಂಬಾ ಹಳ್ಳಿಯ ಹೆಡ್‌ಮಾಸ್ತರ್ ಮಾಣಿಕರಾವ್ ಶುರು ಮಾಡಿದ್ದರು. ಈ ಮಗು ನಮ್ಮ ಶಾಲೆಯಲ್ಲಿ ಇಂಥ ತರಗತಿ ಓದುತ್ತಿದೆ, ಬರದ ಕಾರಣ ತಂದೆತಾಯಿಯ ಸಂಗಡ ಬರುತ್ತಿದೆ, ದಯವಿಟ್ಟು ಕೂಡಿಸಿಕೊಳ್ಳಿ ಎಂದು ನಾಲ್ಕು ಸಾಲು, ಕೆಳಗೆ ಸಹಿ, ಮೊಹರು. ನಾವು ಅದನ್ನು ಗುಳೆ ಚೀಟಿ ಅನ್ನುತ್ತಿದ್ದೆವು. ಅದನ್ನು ಶರಣಪ್ಪನವರು ಪುಕ್ಕಟೆ ಟೈಪ್ ಮಾಡಿಸಿಕೊಡುತ್ತಿದ್ದರು.

ಒಂದು ಗುರುವಾರ, ನವೆಂಬರ್ ತಿಂಗಳು, ಶರಣಪ್ಪನವರು ಬೀದರಿಗೆ ಹೋಗಿದ್ದರು. ಹೋಗುವ ಮುಂಚೆ, “ಮಷೀನ್ ತಾರೀಖು ಕೇಳ್ತದ, ಮರೀಬ್ಯಾಡ” ಎಂದು ಹೇಳಿಯೇ ಹೋಗಿದ್ದರು. ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮಾಣಿಕರಾವ್ ಎಕಂಬಾದಿಂದ ಬಂದು ಮೆಟ್ಟಿಲ ಮೇಲೆ ಕುಳಿತಿದ್ದರು. ಹನ್ನೊಂದು ಮಕ್ಕಳ ಹೆಸರು. ಸಂಜೆ ಅವರನ್ನೆಲ್ಲ ಹೈದರಾಬಾದಿಗೆ ಒಯ್ಯುವ ಲಾರಿ, ಹತ್ತರ ಬಸ್ಸಿಗೆ ಅವರು ಮರಳಬೇಕು. ನಾನು ಅವಸರದಲ್ಲಿ ಎಂಟರ್ ಒತ್ತಿದೆ. ಹನ್ನೊಂದು ಚೀಟಿ ಹೊಡೆದೆ. ರಿಬ್ಬನ್ ಮಾಸಿತ್ತು, ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಅವರು ನಿಂತಲ್ಲೇ ಸಹಿ ಹಾಕಿ, ಮೊಹರು ಒತ್ತಿ ಓಡಿದರು. ಅವರು ಹೋದ ಮೇಲೆ, ಒಂದು ಕೆಟ್ಟ ಪ್ರತಿಯ ತಲೆಯ ಮೇಲೆ ಎಂಬತ್ತನೇ ಇಸವಿ ನೋಡಿದೆ. ಆ ಕಾಗದವನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದೆ.

ಸಂಜೆ ಶರಣಪ್ಪನವರು ಬಂದು ಕೇಳಿದ್ದು ಒಂದೇ ಮಾತು. “ತಾರೀಖು ಹೇಳಿದ್ಯೇನವಾ?”

“ಹೇಳೀನ್ರಿ” ಅಂದೆ. ಅಂದು ಮನೆಗೆ ಹೋದೆ.

ಮರುದಿನ ಅವರು ಅಂಗಡಿಗೆ ಬಂದಾಗ ಹನ್ನೊಂದು ಗಂಟೆ. ಅಷ್ಟು ತಡವಾಗಿ ಅವರು ಎಂದೂ ಬಂದವರಲ್ಲ. ಧೋತರದ ಅಂಚೆಲ್ಲ ಧೂಳು. ನಾನು ಅಂಜುತ್ತ ಕೂತಿದ್ದೆ. ಅವರು ಎಂದಿನಂತೆ ಕನ್ನಡಕ ಹಾಕಿಕೊಂಡು, ಕ್ಯಾಲೆಂಡರ್ ನೋಡಿ, ಶುಕ್ರವಾರದ ತಾರೀಖು ಓದಿ ಹೊಡೆದರು. ಸದ್ಯ, ಗೊತ್ತಾಗಿಲ್ಲ ಅಂದುಕೊಂಡೆ. ಆಮೇಲೆ ಅವರ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದೆ. ಆ ಸುಳ್ಳನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಅವರು ತೀರಿಕೊಂಡಾಗ ಅಂಗಡಿಯನ್ನು ನನಗೆ ಬಿಟ್ಟಿದ್ದರು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಅಂಗಡಿಗೆ ಹೊಸ ಕಂಪ್ಯೂಟರುಗಳು ಬಂದವು. ನಮ್ಮ ಮುದಿ ಕಂಪ್ಯೂಟರನ್ನು ಹಳೆಯ ಚಾದರ ಸುತ್ತಿ ಅಟ್ಟಕ್ಕೇರಿಸಿದೆ. ಹೊಸವು ಜಾಣ ಯಂತ್ರಗಳು. ತಾರೀಖು ಅವಕ್ಕೆ ಗೊತ್ತು, ನಿಮಿಷ ಗೊತ್ತು, ಭಾಲ್ಕಿಯಲ್ಲಿ ಸೆಖೆ ಎಷ್ಟಿದೆ ಅನ್ನುವುದೂ ಗೊತ್ತು. ಅವು ನಮ್ಮನ್ನು ಕೇಳುವುದು ಗುಪ್ತಸಂಖ್ಯೆ ಒಂದನ್ನೇ, ಅದೂ ನಮ್ಮ ಮೇಲಿನ ಗುಮಾನಿಯಿಂದ. ಕೆಲಸ ಬೇಗ ಆಗುತ್ತದೆ, ಸುಳ್ಳು ಹೇಳಬಾರದು. ಆದರೂ ಬೆಳಗ್ಗೆ ಸ್ವಿಚ್ ಒತ್ತಿ ಸುಮ್ಮನೆ ನಿಂತಾಗ, ಏನೋ ಹೇಳುವುದು ಬಾಕಿ ಇದೆ ಅನಿಸುತ್ತಿತ್ತು.

ಮತ್ತೊಂದು ಬರ ಬಂತು. ಕಾರಂಜಾ ಜಲಾಶಯ ಬತ್ತಿ ತಳದ ನೆಲ ಬಿರುಕುಬಿಟ್ಟಿತ್ತು. ಟ್ಯಾಂಕರಿನ ಮುಂದೆ ಕೊಡಗಳ ಸಾಲು ನಮ್ಮ ಅಂಗಡಿಯ ತನಕ ಬರುತ್ತಿತ್ತು. ಅಂಥ ಒಂದು ಮಧ್ಯಾಹ್ನ ಇಪ್ಪತ್ತೆರಡರ ಆಸುಪಾಸಿನ ಹುಡುಗಿಯೊಬ್ಬಳು ಒಳಗೆ ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಹಳದಿಯಾದ ಕಾಗದ ತೆಗೆದು ಮೇಜಿನ ಮೇಲಿಟ್ಟಳು.

“ಇದು ನಿಮ್ಮ ಅಂಗಡಿದೇ ಏನ್ರಿ ಅಕ್ಕೋರ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಮೊದಲು ತಾರೀಖನ್ನೇ ನೋಡಿದೆ. ಗುಳೆ ಚೀಟಿ. ಸುನಂದಾ, ಮೂರನೇ ತರಗತಿ, ಎಕಂಬಾ. ಮೇಲೆ ಎಂಬತ್ತನೇ ಇಸವಿಯ ಜನವರಿ ಒಂದು.

ಅವಳು ಹೇಳಿದ ವಿಷಯ ಇಷ್ಟು. ಹೈದರಾಬಾದಿನ ಶಾಲೆಯವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಮೊಹರು ನೋಡಿ ಕೂಡಿಸಿಕೊಂಡರು. ಮನೆಯವರು ಕೆಲವು ವರ್ಷ ಬಿಟ್ಟು ಊರಿಗೆ ಮರಳಿದರು. ಈಗ ಅವಳಿಗೆ ಬೀದರಿನಲ್ಲಿ ನರ್ಸಿಂಗ್ ಓದಲು ಈ ಭಾಗದವರಿಗಿರುವ ಮೀಸಲಿನಲ್ಲಿ ಸೀಟು ಬಂದಿದೆ. ಆದರೆ ಮೊದಲಿನಿಂದ ಇಲ್ಲಿಯವಳೇ ಎಂದು ತೋರಿಸಬೇಕು. ಶಾಲೆಯ ಹಳೆಯ ರಿಜಿಸ್ಟರ್ ಗೆದ್ದಲು ತಿಂದಿದೆ. ಉಳಿದಿರುವುದು ಈ ಚೀಟಿ ಒಂದೇ.

“ಆಫೀಸಿನಾಗ ಎಲ್ಲಾರೂ ನಕ್ರು ಅಕ್ಕೋರ” ಅಂದಳು. “ಹುಟ್ಟಾಕಿಂತ ಮೊದಲೇ ಸಾಲಿ ಕಲ್ತೀ ಏನು ಅಂತ ಕೇಳಿದ್ರು. ಸಹಿ ಮಾಡಿದವರ ಕಡಿಂದ ತಾರೀಖು ತಿದ್ದಿಸ್ಕೊಂಡು ಬಾ ಅಂದ್ರು. ನಾಳಿ ಸಂಜಿನೇ ಕಡೀ.”

ಅವಳು ಮಾಣಿಕರಾವ್ ಅವರ ಬಳಿ ಹೋಗಿ ಬಂದಿದ್ದಳು. ನಿವೃತ್ತರಾಗಿ ಅವರು ಭಾಲ್ಕಿಯಲ್ಲೇ ಇದ್ದರು, ಕಣ್ಣಿಗೆ ಪೊರೆ ಬಂದಿತ್ತು. ಮೂರು ಬರದ ವರ್ಷ, ಪ್ರತಿ ವರ್ಷ ಎಷ್ಟೋ ಸಲ ಚೀಟಿ ಕೊಟ್ಟದ್ದು, ಯಾವುದು ಯಾವ ದಿನ ಎಂದು ಅವರಿಗೆ ನೆನಪಿರಲಿಲ್ಲ. “ಅಂದಾಜಿಲಿ ಸಹಿ ಮಾಡಲ್ಲ ತಾಯಿ, ಟೈಪ್ ಮಾಡಿದವರ ಹತ್ರ ಇರ್ತದ ನೋಡು” ಎಂದು ನಮ್ಮ ಕಡೆ ಕಳಿಸಿದ್ದರು. ನನಗೆ ಗುರುವಾರ, ನವೆಂಬರ್ ಅನ್ನುವುದು ನೆನಪಿತ್ತು. ಯಾವ ವರ್ಷ, ಯಾವ ವಾರ ಅಂದರೆ ನನಗೂ ತಿಳಿಯದು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದವಳು ನಾನು. ಅವಳಿಗೆ ಅದು ಗೊತ್ತಿರಲಿಲ್ಲ.

“ನಿಮ್ಮ ಹಳೀ ಮಷೀನಿನಾಗ ಬರೋಬರ್ ತಾರೀಖು ಇರ್ತದಲ್ರಿ?” ಎಂದು ಆಸೆಯಿಂದ ಕೇಳಿದಳು.

ಇರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಫ್ಲಾಪಿಯಲ್ಲಿರುವ ಚೀಟಿಗೂ ಅದೇ ಎಂಬತ್ತನೇ ಇಸವಿ. ಆದರೆ ಅವಳ ಮುಖ ನೋಡಿ ಇಲ್ಲ ಅನ್ನಲು ಬಾಯಿ ಬರಲಿಲ್ಲ. ನೋಡೋಣ ಅಂದೆ. ಇಬ್ಬರೂ ಸೇರಿ ಅಟ್ಟದಿಂದ ಇಳಿಸಿದೆವು, ಚಾದರ ಬಿಚ್ಚಿದೆವು, ಒರೆಸಿದೆವು. ಕರೆಂಟ್ ಇರಲಿಲ್ಲ. ಮೂರಕ್ಕೆ ಫ್ಯಾನು ತಿರುಗಿತು. ಆ ಚೀಟಿಗಳಿದ್ದ ಫ್ಲಾಪಿ ಹಾಕಿ, ಪಕ್ಕದ ಕೆಂಪು ಗುಂಡಿ ಮೇಲೆತ್ತಿದೆ. ಸುಟ್ಟ ಧೂಳಿನ ವಾಸನೆ ಬಂತು. ಹಸಿರು ಅಕ್ಷರ ಮೂಡಿದವು.

ಎಂಬತ್ತನೇ ಇಸವಿಯ ಮಂಗಳವಾರ ಅಲ್ಲಿರಲಿಲ್ಲ. ಗುರುವಾರ ಎಂದಿತ್ತು. ನವೆಂಬರ್ ತಿಂಗಳು, ಬರದ ಮೂರು ವರ್ಷಗಳಲ್ಲಿ ನಡುವಿನದು. ಪೂರ್ತಿ ತಾರೀಖನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಆ ಹುಡುಗಿಯದು.

ನನ್ನ ಕಣ್ಣೇ ಮೋಸ ಮಾಡುತ್ತಿದೆ ಅಂದುಕೊಂಡೆ. “ಏನು ಬಂದದ, ಓದು” ಅಂದೆ. ಅವಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಅದನ್ನೇ ಓದಿದಳು. ಇನ್ನೊಮ್ಮೆ ಓದು ಅಂದೆ. ಇನ್ನೊಮ್ಮೆ ಅದನ್ನೇ ಓದಿ, ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಬರೆದುಕೊಂಡಳು. ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕಂಪ್ಯೂಟರ್ ಅಂದಮೇಲೆ ತಾರೀಖು ತೋರಿಸುತ್ತದೆ, ಅಷ್ಟೇ. ನನಗೆ ಅಂಜಿಕೆ ಆಯಿತೇ ಎಂದು ಕೇಳಿದರೆ, ಇಲ್ಲ. ಮುಚ್ಚಿದ ಮನೆಯೊಳಗೆ ಯಾರೋ ಮಾತಾಡಿದಂತಾದರೆ ಕಿಟಕಿಯಲ್ಲಿ ಇಣುಕಬೇಕು ಅನಿಸುತ್ತದಲ್ಲ, ಹಾಗೆ ಅನಿಸಿತು. ಅದರ ಹಿಂದೆ ಹೋದೆ, ತಂತಿ ಮುಟ್ಟಿ ನೋಡಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಹತ್ತು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ಚಾಲೂ ಮಾಡಿದೆ. ಮಂಗಳವಾರ, ಎಂಬತ್ತನೇ ಇಸವಿ, ಜನವರಿ ಒಂದು. ಆರಿಸಿ ಹಚ್ಚಿದೆ. ಅದೇ. ಏಳು ಸಲ ನೋಡಿದೆ, ಏಳೂ ಸಲ ಅದೇ.

“ಅಕ್ಕೋರ, ತಾರೀಖು ಸಿಕ್ಕದಲ್ರಿ, ಮತ್ಯಾಕ ಹಚ್ಚಿ ಆರಸ್ಲತ್ತೀರಿ?” ಅಂದಳು ಸುನಂದಾ. ನಾನು ಗುಂಡಿಯಿಂದ ಕೈ ತೆಗೆದೆ.

ಅಂಗೈ ಮೇಲಿನ ತಾರೀಖನ್ನೇ ನಂಬಿ ಚೀಟಿ ಹೊಡೆದುಕೊಡಲು ನನಗೆ ಮನಸ್ಸಾಗಲಿಲ್ಲ. ಒಂದು ಸುಳ್ಳು ದಿನದ ಬದಲಿಗೆ ಇನ್ನೊಂದು ಸುಳ್ಳು ದಿನ ಹಾಕಿದಂತಾದರೆ? ಅವಳನ್ನು ಕರೆದುಕೊಂಡು ಮಾಣಿಕರಾವ್ ಅವರ ಮನೆಗೆ ಹೋದೆ. ತಾರೀಖು ಹೇಳಿದೆ. ಎಲ್ಲಿಂದ ಬಂತು ಎಂದು ಹೇಳಲಿಲ್ಲ. ಅವರು ಎದ್ದು ಒಳಗೆ ಹೋಗಿ, ತಗಡಿನ ಪೆಟ್ಟಿಗೆಯೊಂದನ್ನು ಎಳೆದು ತಂದರು. ತುಂಬ ಡೈರಿಗಳು.

“ಮೂವತ್ತು ವರ್ಷದ್ದು ಅದಾವ. ಈ ಕಣ್ಣಿಲಿ ಎಲ್ಲಾ ಹುಡುಕೋದು ನನ್ನಿಂದ ಆಗ್ತಿದ್ದಿಲ್ಲ. ಇನ್ನೊಬ್ಬರ ಕೈಗಿ ಡೈರಿ ಕೊಡೋದು ನನಗ ಸೇರಲ್ಲ” ಅಂದರು. “ಈಗ ಯಾವ ದಿನದ ಪಾನು ಅಂತ ಗೊತ್ತಾಯ್ತಲ್ಲ, ನೋಡೇಬಿಡೋಣ.”

ಆ ವರ್ಷದ ಡೈರಿ ತೆಗೆದು, ಆ ಗುರುವಾರದ ಪುಟ ಬಿಡಿಸಿ, ಭೂತಗನ್ನಡಿ ಹಿಡಿದು ಓದಿದರು. ಬೆಳಗ್ಗೆ ಭಾಲ್ಕಿಗೆ ಹೋದೆ, ಹನ್ನೊಂದು ಮಕ್ಕಳ ಚೀಟಿ ಟೈಪ್ ಆಯಿತು, ಶರಣಪ್ಪ ಅಂಗಡಿಯಲ್ಲಿರಲಿಲ್ಲ, ಹುಡುಗಿ ಹೊಡೆದುಕೊಟ್ಟಳು, ಸಂಜೆ ಲಾರಿ ಹೊರಟಿತು.

ತಾರೀಖು ಸರಿಯಾಗಿತ್ತು. ಸುನಂದಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಂಗೈಯ ಶಾಯಿ ಕೆನ್ನೆಗೆ ಹತ್ತಿತು. ಮಾಣಿಕರಾವ್ ಮಾತ್ರ ಭೂತಗನ್ನಡಿ ಇಳಿಸಲಿಲ್ಲ.

“ಇನ್ನೂ ಅದ” ಅಂದರು. ಉಳಿದದ್ದನ್ನು ನಿಧಾನವಾಗಿ ಓದಿದರು. “ರಾತ್ರಿ ಕಡೇ ಬಸ್ಸಿಗೆ ಶರಣಪ್ಪ ಎಕಂಬಾಕ್ಕೆ ಬಂದ. ಚೀಟಿಗಳ ಮೇಲೆ ತಾರೀಖು ತಪ್ಪಿದೆ, ಕೊಡ್ರಿ, ತಿದ್ದಿ ತರುತ್ತೇನೆ ಅಂದ. ಲಾರಿ ಹೋಗಿತ್ತು. ಬಹಳ ನೊಂದುಕೊಂಡ. ಶಾಲೆಯ ಕಟ್ಟೆಯ ಮೇಲೆ ಮಲಗಿದ. ಹುಡುಗಿಗೆ ಏನೂ ಅನ್ನಬೇಡಿರಿ, ತಪ್ಪು ನಂದು, ನಾನು ಇರಬೇಕಿತ್ತು ಅಂದ.”

ನಾನು ಅಲ್ಲೇ ಅತ್ತೆ. ಬುಟ್ಟಿಯಲ್ಲಿನ ಮುದ್ದೆ ಕಾಗದ ಶರಣಪ್ಪನವರ ಕೈಗೆ ಸಿಕ್ಕಿರಬೇಕು. ಒಂಬತ್ತು ವರ್ಷ ನಾನು ಬಚ್ಚಿಟ್ಟುಕೊಂಡಿದ್ದ ಸುಳ್ಳು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಧೋತರದ ಧೂಳು ಎಕಂಬಾದ್ದು.

ಹೊಸ ಚೀಟಿಯನ್ನು ಹೊಸ ಕಂಪ್ಯೂಟರಿನಲ್ಲೇ ಹೊಡೆಯಬೇಕಾಯಿತು, ಹಳೆಯ ಪ್ರಿಂಟರಿನ ರಿಬ್ಬನ್ ಒಣಗಿ ಹೋಗಿತ್ತು. ಆ ಜಾಣನೋ, ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ ಎಂದು ನಲವತ್ತು ನಿಮಿಷ ಗರಗರ ಚಕ್ರ ತಿರುಗಿಸಿ ನಮ್ಮಿಬ್ಬರನ್ನೂ ಕೂಡಿಸಿತು. ಆಮೇಲೆ ಹಳೆಯ ಚೀಟಿಯ ನಕಲು, ತಾರೀಖು ತಿದ್ದಿದ್ದಕ್ಕೆ ಕಾರಣ ಎಲ್ಲ ಬರೆದು ಹೊಡೆದೆ. ಕಾರಣದಲ್ಲಿ ಯಂತ್ರದ ದೋಷ ಎಂದು ಬರೆಯಲು ಬರುತ್ತಿತ್ತು. ಟೈಪ್ ಮಾಡಿದವಳ ತಪ್ಪು ಎಂದು ಬರೆದು ನನ್ನ ಹೆಸರು ಹಾಕಿದೆ. ಅದರ ಕೆಳಗೆ ಮಾಣಿಕರಾವ್ ಸಹಿ ಹಾಕಿ, ಡೈರಿಯ ಆ ಪುಟದ ನೆರಳು ಪ್ರತಿಯನ್ನೂ ಕೊಟ್ಟರು. ಸುನಂದಾ ಮರುದಿನ ಬೀದರಿಗೆ ಹೋದಳು. ಈ ಸಲ ಯಾರೂ ನಗಲಿಲ್ಲವಂತೆ. ಈಗ ಅವಳು ಬೀದರಿನಲ್ಲೇ ನರ್ಸ್. ಒಮ್ಮೆ ಪೇಡಾ ತಂದುಕೊಟ್ಟು ಹೋದಳು.

ಆ ಮಧ್ಯಾಹ್ನದ ವಿಷಯವನ್ನು ನಾನು ಸುಮ್ಮನೆ ಬಿಟ್ಟಿಲ್ಲ. ಬೀದರಿನಿಂದ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಯಂತ್ರ ಬಿಚ್ಚಿಸಿದೆ. “ಇದರಾಗ ಗಡಿಯಾರನೇ ಇಲ್ಲರಿ. ಇರಲಾರದ್ದು ಹ್ಯಾಂಗ ತೋರಸ್ತದ?” ಎಂದು ಅವರೇ ನನ್ನನ್ನು ಕೇಳಿದರು. ನನ್ನ ಮನಸ್ಸಿನ ಮೂಲೆಯಲ್ಲೇ ಆ ತಾರೀಖು ಬಿದ್ದಿತ್ತು, ಅದು ಕಣ್ಣಿಗೆ ಕಟ್ಟಿತು ಅನ್ನೋಣವೆಂದರೆ, ಓದಿದವಳು ಸುನಂದಾ, ಬರೆದುಕೊಂಡವಳೂ ಅವಳೇ. ಅವಳಿಗೇ ಗೊತ್ತಿತ್ತು ಅನ್ನೋಣವೆಂದರೆ, ಆಗ ಅವಳು ಮೂರನೇ ತರಗತಿಯ ಕೂಸು, ಗೊತ್ತಿದ್ದರೆ ನನ್ನ ಬಳಿಗೆ ಯಾಕೆ ಬರುತ್ತಿದ್ದಳು? ಫ್ಲಾಪಿಯನ್ನು ತಿರುವಿ ಮುರುವಿ ನೋಡಿದೆ. ಅದರಲ್ಲಿರುವುದು ಆ ದಿನದ ಹನ್ನೊಂದು ಚೀಟಿಗಳು, ಎಲ್ಲದರ ಮೇಲೂ ಎಂಬತ್ತನೇ ಇಸವಿ. ಅಪ್ಪ ಇದ್ದಿದ್ದರೆ ಏನಾದರೂ ಒಂದು ಕಾರಣ ಹುಡುಕಿ ನಗಿಸುತ್ತಿದ್ದರೇನೋ. ನನಗೆ ಸಿಕ್ಕಿಲ್ಲ.

ಆ ಫ್ಲಾಪಿಯಿಂದ ಉಳಿದ ಹತ್ತು ಹೆಸರುಗಳನ್ನು ಬರೆದುಕೊಂಡು, ಸರಿಯಾದ ತಾರೀಖಿನ ಹತ್ತು ಚೀಟಿ ಹೊಡೆದು, ಮಾಣಿಕರಾವ್ ಇರುವಾಗಲೇ ಸಹಿ ಹಾಕಿಸಿ ಮೇಜಿನ ಸೆಳೆಖಾನೆಯಲ್ಲಿಟ್ಟಿದ್ದೇನೆ. ಅವರೂ ಈಗಿಲ್ಲ. ಆ ಹತ್ತು ಮಕ್ಕಳು ಎಲ್ಲಿದ್ದಾರೋ, ಯಾರ ಮುಂದೆ ಆ ಚೀಟಿ ಹಿಡಿದು ನಗೆಪಾಟಲಾದರೋ ಗೊತ್ತಿಲ್ಲ. ಎಕಂಬಾದಿಂದ ಯಾರೇ ಬಂದರೂ ಹೆಸರು ಕೇಳಿ ವಿಚಾರಿಸುತ್ತೇನೆ. ಇಲ್ಲಿಯವರೆಗೆ ಒಬ್ಬರೂ ಬಂದಿಲ್ಲ.

ಹಳೆಯ ಯಂತ್ರವನ್ನು ಮತ್ತೆ ಅಟ್ಟಕ್ಕೇರಿಸಲಿಲ್ಲ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮೊದಲು ಅದನ್ನು ಹಚ್ಚುತ್ತೇನೆ. ಪ್ರತಿ ದಿನವೂ ಅದು ಎಂಬತ್ತನೇ ಇಸವಿಯ ಮಂಗಳವಾರ ತೋರಿಸಿ, ಹೊಸ ತಾರೀಖು ಹೇಳಿ ಎಂದು ಕಾಯುತ್ತದೆ. ಅಂಗಡಿಗೆ ಬಂದವರು ನಗುತ್ತಾರೆ, ನಗಲಿ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಆ ಮಧ್ಯಾಹ್ನ ಅದಕ್ಕೆ ಆ ಗುರುವಾರವನ್ನು ಹೇಳಿದವರು ಯಾರು ಎಂದು ಕೇಳಿದರೆ, ನನಗೆ ಗೊತ್ತಿಲ್ಲ. ಕನ್ನಡಕ ಹಾಕಿಕೊಂಡು, ಗೋಡೆಯ ಕ್ಯಾಲೆಂಡರ್ ನೋಡಿ, ವಾರ, ತಿಂಗಳು, ತಾರೀಖು ಗಟ್ಟಿಯಾಗಿ ಓದಿ, ಒಂದೇ ಬೆರಳಿನಿಂದ ಹೊಡೆಯುತ್ತೇನೆ.